ತಲೆಯೆತ್ತಿ ಕಾಯುತ್ತಿದ್ದ ಹಾವು

ಸೋಫಾ ರಿಪೇರಿಯವನ ಅಂಗಡಿಗೆ ಮೊದಲ ಸಲ ಹೋದವರು ಅವನ ಹೊಲಿಗೆಗಿಂತ ಮುಂಚೆ ಅವನ ಹಾವನ್ನು ನೋಡಬೇಕಾಗುತ್ತಿತ್ತು. ಅಂಗಡಿಯ ಹಿಂದಿನ ಕೋಣೆಯೇ ಅವನ ಮನೆ. ಅಲ್ಲಿ ಕಿಟಕಿಯ ಪಕ್ಕ, ಗಾಜಿನ ಪೆಟ್ಟಿಗೆಯಲ್ಲಿ, ತೋಳುದ್ದದ ಹೆಬ್ಬಾವು. ಹೆಂಡತಿ ಅವನನ್ನು ಬಿಟ್ಟುಹೋದ ವರ್ಷ ಗಿರಾಕಿಯೊಬ್ಬ ಕೊಟ್ಟದ್ದು.

“ನಾನು ಬಾಗಿಲು ತೆಗೆಯೋ ಹೊತ್ತಿಗೆ ತಲೆ ಎತ್ತಿಕೊಂಡು ಕಾಯ್ತಿರುತ್ತೆ ಕಣ್ರೀ. ಬಾಯಿ ಬೇರೆ ತೆರೆಯುತ್ತೆ, ನಗೋ ಹಾಗೆ!” ಎಂದು ಅವನು ಗಿರಾಕಿಗಳಿಗೆ ಹೇಳುತ್ತಿದ್ದ.

ಊಟದ ಡಬ್ಬಿ ತರುತ್ತಿದ್ದ ಅವನ ಅಕ್ಕ ಮೂಗು ಮುರಿಯುತ್ತಿದ್ದಳು. “ಕಟ್ಟಿಕೊಂಡವಳೇ ನಿನ್ನ ಮುಖ ನೋಡಲಿಲ್ಲ. ಇದು ನೋಡುತ್ತಂತೆ!”

“ಅವಳಿಗಿಂತ ಇದೇ ವಾಸಿ ಬಿಡು” ಎಂದು ಅವನು ನಗುತ್ತಿದ್ದ. ನಗು ತುಟಿ ದಾಟುತ್ತಿರಲಿಲ್ಲ.

ತಾನು ಬರುವುದು ಕಾಣಲಿ ಎಂದೇ ಅವನು ಪೆಟ್ಟಿಗೆಯನ್ನು ಬೆಚ್ಚನೆಯ ಮೂಲೆಯಿಂದ ಕಿಟಕಿಗೆ ತಂದಿದ್ದ. ಹಾವು ತಲೆಯೆತ್ತತೊಡಗಿದ್ದು ಆಮೇಲೆಯೇ.

ಒಂದು ದಿನ ಅಕ್ಕ ಬಗ್ಗಿ ನೋಡಿದವಳು, “ಲೋ, ಇದರ ಮೂಗಲ್ಲಿ ನೊರೆ ಕಣೋ. ಉಸಿರು ಕೀಚ್ ಕೀಚ್ ಅಂತಿದೆ” ಎಂದಳು. ತಿನ್ನಲು ಹಾಕಿದ ಇಲಿಯನ್ನೂ ಅದು ಮುಟ್ಟಿರಲಿಲ್ಲ. ಅವನು ಹಾವನ್ನು ದಿಂಬಿನ ಚೀಲದಲ್ಲಿ ಹಾಕಿಕೊಂಡು ಪಶುವೈದ್ಯೆಯ ಬಳಿಗೆ ಓಡಿದ.

“ಎಷ್ಟು ದಿನದಿಂದ ಹೀಗೆ ತಲೆ ಎತ್ತುತ್ತಿದೆ?” ಎಂದು ಆಕೆ ಕೇಳಿದರು.

“ಎರಡು ತಿಂಗಳಾಯ್ತು ಡಾಕ್ಟ್ರೇ. ನನ್ನ ಕಂಡರೆ ಅಷ್ಟು ಪ್ರೀತಿ.”

“ಪ್ರೀತಿಯಲ್ಲಪ್ಪ. ಶ್ವಾಸಕೋಶಕ್ಕೆ ಸೋಂಕು, ಕಫ ತುಂಬಿದೆ. ಹಾವಿಗೆ ನಮ್ಮ ಹಾಗೆ ಕೆಮ್ಮೋಕೆ ಬರಲ್ಲ. ತಲೆ ಎತ್ತಿ, ಬಾಯಿ ತೆರೆದು ಉಸಿರು ಎಳೀತಿದೆ. ನೀವಿಲ್ಲದಾಗಲೂ ಹಾಗೇ ಇರುತ್ತೆ. ತಣ್ಣನೆ ಗಾಳಿ ಬೀಳೋ ಕಡೆ ಇಟ್ಟಿದ್ದೀರಾ?”



ಪೆಟ್ಟಿಗೆ ಮತ್ತೆ ಮೂಲೆ ಸೇರಿತು. ಅದರ ಕೆಳಗೆ ಕರೆಂಟಿನ ಶಾಖದ ಹಾಸು ಬಂತು. ಒಳಗೆ ಹಾಸಿದ್ದ ಒದ್ದೆ ಕಾಗದವನ್ನು ದಿನವೂ ಬದಲಿಸಿದ. ವೈದ್ಯೆ ತೋರಿಸಿಕೊಟ್ಟಂತೆ, ಮೈಯ ಮುಂಭಾಗಕ್ಕೆ ಮೂರು ದಿನಕ್ಕೊಮ್ಮೆ ಇಂಜೆಕ್ಷನ್ ಕೊಟ್ಟ. ನೊರೆ ನಿಂತಾಗ ಅಕ್ಕ, “ವಾಸಿಯಾಯ್ತಲ್ಲ, ಇನ್ನೂ ಯಾಕೆ ಚುಚ್ತೀಯ?” ಎಂದಳು. ನಡುವೆ ನಿಲ್ಲಿಸಿದರೆ ರೋಗ ಮರಳುತ್ತದೆಂದು ವೈದ್ಯೆ ಎಚ್ಚರಿಸಿದ್ದರು. ಕೊನೆಯ ಸೂಜಿಯವರೆಗೂ ಅವನು ಬಿಡಲಿಲ್ಲ.

ಹಾವು ಪೂರ್ತಿ ಗುಣವಾಯಿತು. ಬಾಯಿ ಮುಚ್ಚಿ, ಸುರುಳಿಯ ಮೇಲೆ ತಲೆಯಿಟ್ಟು ಮಲಗಿತು. ಅವನು ಬಾಗಿಲು ತೆಗೆದರೂ ಅಷ್ಟೇ, ಹಾಕಿದರೂ ಅಷ್ಟೇ.

ಈಗ ಅವನು ಗಿರಾಕಿಗಳನ್ನು ಒಳಗೆ ಕರೆಯುವುದಿಲ್ಲ. ಕೆಲವು ಸಂಜೆ, ತಣ್ಣಗಾದರೆ ಅದು ಮತ್ತೆ ತಲೆಯೆತ್ತೀತು ಎಂದುಕೊಂಡು, ಶಾಖದ ಸ್ವಿಚ್ಚಿನ ಮೇಲೆ ಬೆರಳಿಟ್ಟು ಸುಮ್ಮನೆ ನಿಲ್ಲುತ್ತಾನೆ. ಆರಿಸುವುದಿಲ್ಲ. ಬೆರಳು ತೆಗೆದು, ನೀರಿನ ಬಟ್ಟಲು ತುಂಬಿಸಿ, ಹಾವಿನ ಮೂಗಿನ ಬಳಿ ಕಿವಿಯಿಟ್ಟು ಕೇಳುತ್ತಾನೆ. ಕೀಚ್ ಎನ್ನುವ ಯಾವ ಸದ್ದೂ ಇರುವುದಿಲ್ಲ.