ಹಳದಿ ಬಾವುಟದ ಅಕ್ಕೋರು

ಅಕ್ಕೋರ ಬಲಗಾಲಿನ ಚಪ್ಪಲಿ ಯಾವಾಗಲೂ ಎಡಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು. ಬೈಲಹೊಂಗಲದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದ ಅವರು ದಿನವಿಡೀ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತಿರುತ್ತಿದ್ದರು. ಆ ಸೀಟಿನ ಮುಂದೆ, ಅವರ ಕಾಲಿಗೆ ಎಟುಕುವಂತೆ ಇನ್ನೊಂದು ಬ್ರೇಕು ಇತ್ತು. ಅದನ್ನು ಒತ್ತಿ ಒತ್ತಿ ಅವರ ಬಲಗಾಲಿನ ಮೀನಖಂಡ ಪೈಲವಾನರ ಕಾಲಿನಂತೆ ಗಟ್ಟಿಯಾಗಿತ್ತು. “ಇದು ನಿಮ್ಮೆಲ್ಲಾರ ತಪ್ಪು ಕೂಡಿ ಬೆಳದದ್ದು” ಎನ್ನುತ್ತಿದ್ದರು.

ನಾನು ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟ ಹೊಸತರಲ್ಲಿ ಅವರ ಹತ್ತಿರ ಕಾರು ಕಲಿಯಲು ಹೋದೆ. ಒಂದು ದಿನ ಪೇಟೆಯಲ್ಲಿ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತ ಮುದುಕಿಯೊಬ್ಬಳ ಬೆನ್ನಿಗೆ ನಾನು ಬಿಡದೆ ಹಾರ್ನ್ ಹೊಡೆದೆ. ಅಕ್ಕೋರು ಬ್ರೇಕ್ ಒತ್ತಿದರು. ನನ್ನನ್ನು ಇಳಿಸಿ, ಕಾರಿನ ಮುಂದೆ ಮುದುಕಿ ಇದ್ದ ಜಾಗದಲ್ಲೇ ನಿಲ್ಲಿಸಿ, ತಾವು ಸ್ಟಿಯರಿಂಗ್ ಮುಂದೆ ಬಂದು ಕೂತು, ಇಡೀ ಪೇಟೆ ತಿರುಗಿ ನೋಡುವಂತೆ ಹಾರ್ನ್ ಒತ್ತಿ ಹಿಡಿದರು. ಸಾಕೆನಿಸಿದ ಮೇಲೆ ಇಳಿದು, “ಹೆಂಗಾತು?” ಎಂದಷ್ಟೇ ಕೇಳಿದರು.

ಅವರಿಗೆ ಸಿಟ್ಟು ಬರುತ್ತಿರಲಿಲ್ಲ, ಅಸಹ್ಯ ಬರುತ್ತಿತ್ತು. ಸಿಟ್ಟು ಬಂದವರು ಕೂಗಾಡುತ್ತಾರೆ. ಅವರು ಬಾಯಲ್ಲಿದ್ದ ಲವಂಗವನ್ನು ಕಿಟಕಿಯಿಂದ ಉಗುಳಿ, ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು, “ಹೇಸಿಗಿ” ಎನ್ನುತ್ತಿದ್ದರು. ತಿರುವಿನಲ್ಲಿ ಮುಂದಿನ ಗಾಡಿಯನ್ನು ದಾಟುವವರು ಹೇಸಿಗಿ. ಆಂಬುಲೆನ್ಸಿಗೆ ಸಿಕ್ಕ ದಾರಿಯಲ್ಲಿ ಅದರ ಬಾಲ ಹಿಡಿದು ನುಗ್ಗುವವರು ಇನ್ನೂ ದೊಡ್ಡ ಹೇಸಿಗಿ. ಎಲ್ಲರ ವಿಷಯದಲ್ಲೂ ಅವರು ನ್ಯಾಯವಾಗಿ ನಡೆಯುತ್ತಿದ್ದರು ಅಂತಲ್ಲ. ಟ್ರ್ಯಾಕ್ಟರ್ ಓಡಿಸುವವರೆಲ್ಲ ಅವರ ಕಣ್ಣಿಗೆ ಒಂದೇ. ಚೆನ್ನಾಗಿ ಕಲಿಯುತ್ತಿದ್ದ ಒಬ್ಬನನ್ನು ಗುಟಕಾ ಜಗಿದ ಒಂದೇ ಕಾರಣಕ್ಕೆ ಅರ್ಧದಾರಿಯಲ್ಲಿ ಇಳಿಸಿ ಬಂದಿದ್ದರು.

ಇಂಥವರು ಕಾರ್ ರೇಸಿಗೆ ಹೇಗೆ ಬಂದರೆಂದು ಕೇಳಿದರೆ, ಅತಿಥಿಯಾಗಿ ಬಂದರು. ನಮ್ಮ ಭಾಗದ ಹವ್ಯಾಸಿ ಹುಡುಗರೆಲ್ಲ ಸೇರಿ, ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯ ಒಂದು ಗರಸುಮಣ್ಣಿನ ಬಯಲಿನಲ್ಲಿ ಹಳೆಯ ಸಣ್ಣ ಕಾರುಗಳ ರೇಸು ಶುರುಮಾಡಿದ್ದೆವು. ಒಳಗಿನ ಸೀಟು ಕಿತ್ತು, ಕಬ್ಬಿಣದ ಪೈಪಿನ ಪಂಜರ ಬೆಸೆದ ಕಾರುಗಳು. ಅರ್ಧ ದಿನದ ಓಟ. ಒಂದು ಕಾರಿಗೆ ಇಬ್ಬರೋ ಮೂವರೋ ಪಾಳಿಯ ಮೇಲೆ ಕೂರುವುದು, ಕೊನೆಗೆ ಯಾರ ಕಾರು ಹೆಚ್ಚು ಸುತ್ತು ಹಾಕಿದೆಯೋ ಅವರು ಗೆದ್ದಂತೆ. ನನ್ನ ಜೋಡಿ ಕಿತ್ತೂರಿನ ಗೆಳೆಯ, ದನದ ಔಷಧದ ಅಂಗಡಿಯವನು. ನಮ್ಮ ಕಾರಿನ ಪಂಜರ ಬೆಸೆದು ಕೊಟ್ಟವನು ಸಂಗೊಳ್ಳಿಯ ಒಬ್ಬ ವೆಲ್ಡರ್. ರೇಸಿನ ಮುಂದಾಳು ಒಬ್ಬ ರಸ್ತೆ ಗುತ್ತಿಗೆದಾರ. ಬಯಲು ಹಿಡಿದವನೂ ಅವನೇ, ಶಾಮಿಯಾನ ಹಾಕಿಸಿದವನೂ ಅವನೇ, ಎಲ್ಲರಿಗಿಂತ ಜೋರಾದ ಕಾರು ಓಡಿಸುವವನೂ ಅವನೇ.

ಟೇಪು ಕತ್ತರಿಸಲು ಬಂದ ಅಕ್ಕೋರು ಕತ್ತರಿ ಮುಟ್ಟುವ ಮೊದಲು ಬಾವುಟಗಳನ್ನು ತೋರಿಸಿರೆಂದರು. ಗೆದ್ದವರಿಗೆ ಬೀಸುವ ಚೌಕುಳಿ ಬಾವುಟ ಒಂದಿತ್ತು. ಅಪಾಯದ್ದು ಎಲ್ಲಿ ಎಂದದ್ದಕ್ಕೆ ಯಾರೋ ಕೊರಳಲ್ಲಿದ್ದ ಶಾಲು ತೆಗೆದುಕೊಟ್ಟರು. ಅಕ್ಕೋರು ಲವಂಗ ಉಗುಳಿದರು. ಆ ದಿನ ರೇಸು ನಡೆಯಲಿಲ್ಲ. ಮುಂದಿನ ವಾರ ಅವರೇ ಹಳದಿ, ಕೆಂಪು ಬಟ್ಟೆ ಹೊಲಿಸಿ ತಂದರು. ತಮ್ಮ ಹಳೆಯ ವಿದ್ಯಾರ್ಥಿಗಳನ್ನು ಪ್ರತಿ ತಿರುವಿಗೂ ನಿಲ್ಲಿಸಿದರು. ಆಂಬುಲೆನ್ಸ್ ಬಂದು ನಿಂತ ಮೇಲೆ ಓಡಿಸುವವರನ್ನೆಲ್ಲ ನೆಲದ ಮೇಲೆ ಕೂರಿಸಿ ಹೇಳಿದರು:

“ಕೆಂಪು ಕಂಡ್ರ ಇದ್ದಲ್ಲೇ ನಿಂದರ್ರಿ. ಹಳದಿ ಕಂಡ್ರ ಮುಂದ ಯಾರೋ ಒಬ್ಬಾಂವ ನೆಲದ ಮ್ಯಾಲ ಅದಾನ ಅಂತ ತಿಳೀರಿ. ಅಂವ ನಿಮ್ಮ ವೈರಿ ಇದ್ರೂ ಅಷ್ಟ. ಸಾವಕಾಶ ಆಗ್ರಿ, ಒಬ್ಬರ ಹಿಂದ ಒಬ್ಬರು ಬರ್ರಿ. ಬಾವುಟ ಇಳಿಯೂ ಮಟಾ ಯಾರೂ ಯಾರನ್ನೂ ದಾಟಾಂಗಿಲ್ಲ.”

ಮೊದಲ ವರ್ಷ ಎಲ್ಲರೂ ಗೊಣಗುತ್ತಲೇ ಪಾಲಿಸಿದೆವು. ಒಂದು ನಾಯಿ ಅಡ್ಡ ಬಂದದ್ದಕ್ಕೂ ಹಳದಿ ಎತ್ತಿಸಿದಾಗ ಜನ ಸಿಳ್ಳೆ ಹಾಕಿ ನಕ್ಕರು. ಅಕ್ಕೋರು ನಾಯಿ ದಾಟಿ ಹೋಗುವವರೆಗೂ ಬಾವುಟ ಇಳಿಸಗೊಡಲಿಲ್ಲ.

ಎರಡನೆಯ ವರ್ಷ ನನ್ನ ಪಾಳಿಗಾಗಿ ಕಾಯುತ್ತ ನಾನು, ವೆಲ್ಡರ್, ಅಕ್ಕೋರು ದೊಡ್ಡ ತಿರುವಿನ ಹತ್ತಿರ ನಿಂತಿದ್ದೆವು. ಗೆಳೆಯನ ಕಾರು ನಮ್ಮ ಕಣ್ಣೆದುರೇ ಅಡ್ಡ ಸರಿದು, ಒಡ್ಡಿಗೆ ಬಡಿದು, ಮಗುಚಿ ತಲೆಕೆಳಗಾಗಿ ನಿಂತಿತು. ಹಳದಿ ಬಾವುಟ ಮೇಲೆದ್ದಿತು. ಹಿಂದಿನ ಕಾರುಗಳು ನಿಧಾನವಾಗಿ ಸಾಲುಗಟ್ಟಿದವು. ಅದನ್ನು ನೋಡಿಕೊಂಡ ಮೇಲೆಯೇ ಅಕ್ಕೋರು ನಮ್ಮನ್ನು ಓಡಲು ಬಿಟ್ಟು, ತಾವೂ ಓಡಿ ಬಂದರು. ಕೈಹಾಕಿ ಇಂಜಿನ್ ಬಂದ್ ಮಾಡಿದರು. ಬೆಲ್ಟಿನಲ್ಲಿ ಜೋತುಬಿದ್ದಿದ್ದ ಗೆಳೆಯನಿಗೆ, ಒಂದು ಕೈಯನ್ನು ಕಾರಿನ ಛಾವಣಿಗೆ ಊರಿ ಆಮೇಲೆ ಬೆಲ್ಟ್ ಬಿಚ್ಚಬೇಕು, ಇಲ್ಲದಿದ್ದರೆ ಕುತ್ತಿಗೆಯ ಮೇಲೆ ಬೀಳುತ್ತೀರಿ ಎಂದು ಮೆಲ್ಲಗೆ, ಪಾಠ ಹೇಳುವ ದನಿಯಲ್ಲೇ ಹೇಳಿದರು. ವೆಲ್ಡರ್ ಟ್ರ್ಯಾಕಿನ ಕಡೆಯಿಂದ ಬಾಗಿಲು ಮೀಟುತ್ತಿದ್ದ.

ಆಗ ಸಾಲಿನಿಂದ ಗುತ್ತಿಗೆದಾರನ ಕಾರು ಹೊರಬಿತ್ತು. ನಿಧಾನವಾಗಿ ಬರುತ್ತಿದ್ದ ಅಷ್ಟೂ ಕಾರುಗಳನ್ನು ದಾಟಿಕೊಂಡು, ಬೀಸುತ್ತಿದ್ದ ಬಾವುಟದ ಪಕ್ಕದಲ್ಲೇ ಹಾಯ್ದು ಬಂತು. ವೆಲ್ಡರ್ ಹಿಂದೆ ಸರಿಯುವಷ್ಟರಲ್ಲಿ ಅವನ ಕಾಲು ಎರಡು ಕಾರುಗಳ ನಡುವೆ ಸಿಕ್ಕಿತು.

ಅಕ್ಕೋರು ಕೆಂಪು ಬಾವುಟ ಎತ್ತಿಸಿದರು. ಎಲ್ಲ ಕಾರುಗಳೂ ನಿಂತವು. ಗೆಳೆಯ ಹೊರಗೆ ಬಂದ, ಅವನಿಗೆ ತರಚು ಗಾಯ ಅಷ್ಟೇ. ವೆಲ್ಡರ್‌ನ ಕಾಲು ನೋಡುವಂತಿರಲಿಲ್ಲ. ಆದರೆ ನೋಡಲು ಜನ ಬಂದರು. ಅಕ್ಕೋರು ಅವನ ಕಾಲಿಗೆ ಹೊದಿಸಿದ್ದ ಟವೆಲನ್ನು ಒಬ್ಬ ಮೊಬೈಲಿನಲ್ಲಿ ಹಿಡಿಯಲೆಂದು ಎತ್ತಿದ. ಇನ್ನೊಬ್ಬ ಬೆಳಕಿಗೆ ಅಡ್ಡವಾಗಬೇಡ ಎಂದು ನನ್ನ ಭುಜ ಸರಿಸಿದ. ಅದನ್ನು ಬರೆಯುವಾಗ ಈಗಲೂ ನನಗೆ ಬಾಯಿ ಕಹಿಯಾಗುತ್ತದೆ. ಆಂಬುಲೆನ್ಸ್ ಅವನನ್ನು ಒಯ್ದ ಮೇಲೆ ಗುತ್ತಿಗೆದಾರ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ಬಂದ. ಗಾಯಾಳುವಿನ ಸುದ್ದಿ ಕೇಳಲಿಲ್ಲ. ಮತ್ತೆ ಯಾವಾಗ ಶುರು ಎಂದು ಕೇಳಿದ. ತಾನು ಮುಂದಿದ್ದೆ, ಆ ಲೆಕ್ಕ ಹಾಗೇ ಇರಬೇಕು ಎಂದ. ಆಮೇಲೆ ಅಂದ:

“ಅಂವ ಟ್ರ್ಯಾಕಿನ್ಯಾಗ ಯಾಕ ನಿಂತಿದ್ದ?”

ಅಕ್ಕೋರು ಈ ಸಲ ಲವಂಗ ಉಗುಳಲಿಲ್ಲ. ಹೋಗಿ ತಮ್ಮ ಡ್ರೈವಿಂಗ್ ಸ್ಕೂಲಿನ ಕಾರು ತಂದು, ಟ್ರ್ಯಾಕಿಗೆ ಅಡ್ಡಲಾಗಿ ನಿಲ್ಲಿಸಿ, ಕೀಲಿ ತೆಗೆದು ಒಳಗೇ ಕೂತರು. ಗುತ್ತಿಗೆದಾರ ಬಂದು ಕಿಟಕಿಗೆ ಬಗ್ಗಿದಾಗ ಹೇಳಿದರು: “ನಿಮ್ಮ ಗಾಡಿ ಸ್ಟಾರ್ಟ್ ಮಾಡ್ಕೋರಿ. ನಾ ಇಲ್ಲೇ ಕುಂತೇನಿ.”

ಜನ ಕೂಗಿದರು. ಯಾರೋ ಕಾರಿನ ಮೇಲೆ ಮಣ್ಣಿನ ಹೆಂಟೆ ಎಸೆದರು. ನಾನು, ಗೆಳೆಯ ಹೋಗಿ ಹಿಂದಿನ ಸೀಟಿನಲ್ಲಿ ಕೂತೆವು. ಬಾಡಿಗೆಯ ಶಾಮಿಯಾನ ಬಿಚ್ಚುವವರೆಗೆ ಅಕ್ಕೋರು ಅಲುಗಲಿಲ್ಲ. ಮಧ್ಯೆ ಫ್ಲಾಸ್ಕಿನಿಂದ ನಮಗೆ ಚಹಾ ಹಾಕಿಕೊಟ್ಟರು. ಏನಾದರೂ ಮಾತಾಡಬೇಕೆಂದು ನಾನು, ಅವನಿಗೆ ಬಾವುಟ ಕಾಣಲಿಲ್ಲವೇನೋ ಎಂದೆ.

“ಕಂಡಿತ್ತು” ಎಂದರು. “ನಾ ಅವನ ಕಣ್ಣ ನೋಡೇನಿ. ನಮ್ಮ ಮನಿಯವರನ್ನ ಹೊಡದಾಂವಗೂ ಕಂಡಿತ್ತು.”

ಆಗ ಅವರು ಗಂಡ ಸತ್ತ ಕತೆ ಹೇಳಿದರು, ಅದೊಂದೇ ಸಲ. ಲಾರಿ ಓಡಿಸುತ್ತಿದ್ದ ಗಂಡ ಹೆದ್ದಾರಿಯಲ್ಲಿ ಟೈರು ಬದಲಿಸುತ್ತಿದ್ದರಂತೆ. ಹಿಂದೆ ದೂರದಿಂದಲೇ ಕಲ್ಲು, ಹಸಿರು ಟೊಂಗೆ ಇಟ್ಟು ಬಂದಿದ್ದರು. ಬಂದ ಲಾರಿಯವನು ಅವನ್ನೆಲ್ಲ ನೋಡಿದ್ದ, ವೇಗ ಇಳಿಸುವುದು ಬೇಡವಾಗಿತ್ತು ಅಷ್ಟೇ. ಪೊಲೀಸರ ಮುಂದೆ ಅವನೇ ಹಾಗೆ ಹೇಳಿದನಂತೆ. ಕಾಣದವರನ್ನು ಕ್ಷಮಿಸಬಹುದು, ಕಂಡೂ ಬರುವವರನ್ನು ಏನು ಮಾಡಬೇಕೋ ತಿಳಿಯದು ಎಂದರು ಅಕ್ಕೋರು.

ಊರು ಅವರನ್ನೇ ಬೈಯಿತು. ಒಬ್ಬ ಹೆಂಗಸು ಹಟಕ್ಕೆ ಬಿದ್ದು ಆಟ ಕೆಡಿಸಿದಳು ಎಂಬ ಮಾತು ಬೈಲಹೊಂಗಲದ ಚಹಾದ ಅಂಗಡಿಗಳಲ್ಲಿ ತಿಂಗಳುಗಟ್ಟಲೆ ಓಡಾಡಿತು. ಗುತ್ತಿಗೆದಾರನ ಕಡೆಯವರು ತಮ್ಮ ಮಕ್ಕಳನ್ನು ಬೇರೆ ಡ್ರೈವಿಂಗ್ ಸ್ಕೂಲಿಗೆ ಸೇರಿಸಿದರು. ಅಕ್ಕೋರು ಬಿಡುವಾದಾಗಲೆಲ್ಲ ಸಂಗೊಳ್ಳಿಗೆ ಹೋಗಿ ವೆಲ್ಡರ್‌ನನ್ನು ನೋಡಿ ಬರುತ್ತಿದ್ದರು. ಕಾಲು ಉಳಿಯಿತು, ಆದರೆ ಬಗ್ಗಿ ಕೂತು ಬೆಸೆಯುವ ಕೆಲಸ ಅವನಿಂದ ಆಗದಾಯಿತು. ಕಾಲಿಗೆ ಹೆಚ್ಚು ಕೆಲಸವಿಲ್ಲದ ಸರಕಿನ ರಿಕ್ಷಾ ಓಡಿಸುವುದನ್ನು ಅಕ್ಕೋರೇ ಅವನಿಗೆ ಕಲಿಸಿದರು. ಇವತ್ತು ಅವನ ಮನೆ ನಡೆಯುತ್ತಿರುವುದು ಅದರ ಮೇಲೆ.

ಅಕ್ಕೋರು ಕಿಡ್ನಿ ಕೆಟ್ಟು ತೀರಿಕೊಂಡರು. ಧಾರವಾಡದ ಆಸ್ಪತ್ರೆಗೆ ಬಹಳ ದಿನ ತಾವೇ ಕಾರು ಓಡಿಸಿಕೊಂಡು ಹೋಗಿ ಬರುತ್ತಿದ್ದರು. ಖಬರಸ್ತಾನಕ್ಕೆ ನಾವು ಮೂವರೂ ಹೋಗಿ ಮಣ್ಣು ಹಾಕಿ ಬಂದೆವು. ಅಲ್ಲಿ ಗುತ್ತಿಗೆದಾರ ಕಾಣಲಿಲ್ಲ.

ಅವನು ಕಂಡದ್ದು ಮುಂದಿನ ರೇಸಿನಲ್ಲಿ. ಅಕ್ಕೋರ ಸ್ಮರಣಾರ್ಥ ಎಂದು ಊರೆಲ್ಲ ಸಾರಿದ್ದರು. ನಾನು ಮತ್ತು ವೆಲ್ಡರ್, ಅವನದೇ ಸರಕಿನ ರಿಕ್ಷಾದಲ್ಲಿ ಹೋದೆವು. ಏನು ಮಾಡಿದ್ದಾರೆ ನೋಡೋಣ ಎಂದು. ವೇದಿಕೆಯ ಮೇಲೆ ಹಾರ ಹಾಕಿದ ಫೋಟೋ ಇತ್ತು. ಅತಿಥಿಗಳಿಗೆ ನೆನಪಿನ ಕಾಣಿಕೆಯಾಗಿ ಪುಟ್ಟ ಹಳದಿ ಬಾವುಟ ಹಂಚುತ್ತಿದ್ದರು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದರು, ಅದರ ನಡುವೆಯೂ ಯಾರೋ ಎಕ್ಸಿಲರೇಟರ್ ಒತ್ತಿ ಒತ್ತಿ ನೋಡುತ್ತಿದ್ದರು. ದೊಡ್ಡ ತಿರುವಿಗೆ ಹೋಗಿ ನೋಡಿದರೆ, ಎರಡು ಗಳಗಳ ನಡುವೆ ಅಕ್ಕೋರ ಮುಖದ ಬ್ಯಾನರ್ ಕಟ್ಟಿದ್ದರು. ಆಳೆತ್ತರಕ್ಕಿಂತ ದೊಡ್ಡದು. ಕೆಳಗೆ ಗುತ್ತಿಗೆದಾರನ ಮುಖ, ಕೈಮುಗಿದದ್ದು. ಬಾವುಟ ಹಿಡಿಯುವವನು ಅದರ ಹಿಂದೆ ನಿಂತಿದ್ದ. ಬರುವ ಕಾರುಗಳಿಗೆ ಅವನ ಚಪ್ಪಲಿಯೂ ಕಾಣುವಂತಿರಲಿಲ್ಲ.

ನಾವು ಹಗ್ಗ ಬಿಚ್ಚತೊಡಗಿದೆವು. ಗುತ್ತಿಗೆದಾರ ಓಡಿ ಬಂದು, ಸತ್ತವರಿಗೆ ಅವಮಾನ ಮಾಡುತ್ತೀರೇನು ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ವೆಲ್ಡರ್ ಹಗ್ಗ ಬಿಚ್ಚುವುದನ್ನು ನಿಲ್ಲಿಸಲಿಲ್ಲ.

“ಇಲ್ರಿ” ಎಂದ. “ಅಕ್ಕೋರನ್ನ ಇಲ್ಲಿಂದ ಕರಕೊಂಡ ಹೊಂಟೇವಿ.”

ಬ್ಯಾನರನ್ನು ಮಡಚಿ ರಿಕ್ಷಾದಲ್ಲಿ ಹಾಕಿಕೊಂಡು ಹೊರಟೆವು. ಯಾರೂ ತಡೆಯಲಿಲ್ಲ. ಕಾರು ಓಡಿಸುವುದನ್ನು ಬೇರೆ ಯಾರಾದರೂ ನನಗೆ ಕಲಿಸಬಹುದಿತ್ತು. ಯಾವುದಕ್ಕೆ ಅಸಹ್ಯಪಡಬೇಕು ಎಂಬುದನ್ನು ಅಕ್ಕೋರಲ್ಲದೆ ಇನ್ನೊಬ್ಬರು ಕಲಿಸುತ್ತಿರಲಿಲ್ಲ. ಬಯಲು ದಾಟಿ ಡಾಂಬರು ರಸ್ತೆ ಹತ್ತುವಾಗ ನಮ್ಮ ಬೆನ್ನಿಗೆ ಇಂಜಿನ್ನುಗಳು ಒಟ್ಟಿಗೆ ಮೊರೆದವು. ಆ ದಿನ ಯಾರಿಗೂ ಏನೂ ಆಗಲಿಲ್ಲವೆಂದು ಮರುದಿನ ತಿಳಿಯಿತು. ಬಾವುಟ, ಆಂಬುಲೆನ್ಸ್ ಎಂದೆಲ್ಲ ಅಕ್ಕೋರು ಸುಮ್ಮನೆ ಹೆದರಿಸುತ್ತಿದ್ದರು, ನೋಡಿ, ಏನಾಯಿತು ಎಂದು ಗುತ್ತಿಗೆದಾರ ಚಹಾ ಕುಡಿಯುತ್ತ ಹೇಳುತ್ತಿದ್ದನಂತೆ. ಕೇಳಿದವರೆಲ್ಲ ಹೌದೆಂದರಂತೆ.