ಯಂತ್ರ ಟೀಚರ್ ಬಕೆಟ್ ಸರಿಸಿದ ದಿನ

ದಡ್!

ಮೊಣಕಾಲು ಕಪಾಟಿಗೆ ಬಡಿದ ಸದ್ದು. ಒಂದನೇ ತರಗತಿಯ ಮಕ್ಕಳು ಬಿದ್ದು ಬಿದ್ದು ನಕ್ಕರು.

“ಒಂದು ‘ಮುಂದೆ’ ಜಾಸ್ತಿ ಆಯ್ತು!”

“ನಾನು ಆಗ್ಲೇ ಬಡ್ಕೊಂಡೆ, ನೀನೇ ಕೇಳ್ಲಿಲ್ಲ!”

ಟೀಚರ್ ಕಪಾಟಿಗೆ ಮೂಗು ತಾಗಿಸಿಕೊಂಡು ಹಾಗೇ ನಿಂತಿದ್ದರು. ಯಂತ್ರಕ್ಕೆ ನೋವಾಗುವುದಿಲ್ಲವಲ್ಲ.

ಯಂತ್ರ ಟೀಚರ್ ಎಂಬುದು ಮಕ್ಕಳೇ ಇಟ್ಟ ಹೆಸರು. ಅವರ ಪ್ರೋಗ್ರಾಮಿಂಗ್ ಪಾಠಕ್ಕೆ ಕಂಪ್ಯೂಟರೇ ಬೇಕಿರಲಿಲ್ಲ. ಚೌಕ ಚೌಕದ ನೆಲ, ಒಂದು ನೀಲಿ ಬಕೆಟ್, ಒಂದು ಚೆಂಡು. ‘ಮುಂದೆ’, ‘ಎಡಕ್ಕೆ ತಿರುಗು’, ‘ಬಲಕ್ಕೆ ತಿರುಗು’, ‘ಚೆಂಡು ಬಿಡು’. ಈ ಆಜ್ಞೆಗಳನ್ನು ಮಕ್ಕಳು ಯೋಚಿಸಿ ಜೋಡಿಸಬೇಕು. ಚೆಂಡು ಹಿಡಿದು ನಡೆಯುವ ಯಂತ್ರ ಟೀಚರೇ. ಯಂತ್ರ ಹೇಳಿದಷ್ಟೇ ಮಾಡುತ್ತದೆ. ಮೂಲೆಯಿಂದ ಮೂಲೆಗೆ ಅಡ್ಡ ಹಾಯುವುದಿಲ್ಲ, ಹೇಳದ್ದನ್ನು ಊಹಿಸುವುದೂ ಇಲ್ಲ. ಚೆಂಡು ಬಕೆಟ್ಟಿಗೆ ಬೀಳದಿದ್ದರೆ ಎಲ್ಲಿ ಎಡವಿದೆವೆಂದು ಮಕ್ಕಳೇ ಹುಡುಕಬೇಕು. ಆ ಹುಡುಕಾಟವೇ ಪಾಠ.

ಈ ಪಾಠದ ಬೇರು ಟೀಚರ ಚಿಕ್ಕಮ್ಮನಲ್ಲಿತ್ತು. ತಾಯಿಯಿಲ್ಲದ ಈ ಹುಡುಗಿಯನ್ನು ಸಾಕಿದಾಕೆ. ಪುಟ್ಟ ಬೆರಳುಗಳು ಶೂ ಲೇಸಿನ ಜೊತೆ ಒದ್ದಾಡುವಾಗ, ಕೈ ಹಿಂದೆ ಕಟ್ಟಿಕೊಂಡು ನಿಂತು, “ನೀನೇ ಕಟ್ಕೋ, ನಂಗೇನೂ ಅವಸರ ಇಲ್ಲ” ಎನ್ನುತ್ತಿದ್ದಾಕೆ. ಈಗ ಈ ಶಾಲೆ ನಡೆಸುತ್ತಿರುವುದೂ ಆಕೆಯೇ. ಮಕ್ಕಳಿಗೆ ದೊಡ್ಡ ಮೇಡಂ.

“ಅಪ್ಪ ಅಮ್ಮಂದಿರ ಮುಂದೆ ಒಂದ್ಸಲ ತೋರಿಸು,” ಎಂದಿದ್ದರು ಚಿಕ್ಕಮ್ಮ. “ಅವರು ಮೆಚ್ಚಿದ್ರೆ ಬರೋ ವರ್ಷ ಎಲ್ಲಾ ಕ್ಲಾಸಿಗೂ ನಿನ್ನ ಪಾಠ. ಇಲ್ದಿದ್ರೆ ಇಲ್ಲಿಗೇ ನಿಲ್ಸೋಣ.”

ಅಷ್ಟರಲ್ಲಿ ಟೀಚರಿಗೆ ಜ್ವರ ಬಂತು. ಚಿಕ್ಕಮ್ಮನೇ ಹೊದಿಕೆ ಸರಿಪಡಿಸಿ, “ನೀನು ಮಲಗು, ಮಕ್ಕಳನ್ನ ನಾನು ನೋಡ್ಕೋತೀನಿ” ಎಂದರು. ಟೀಚರ್ ನಿಶ್ಚಿಂತೆಯಿಂದ ಮಲಗಿದರು.

ತೋರಿಸುವ ದಿನದ ಹೊತ್ತಿಗೆ ಜ್ವರ ಬಿಟ್ಟಿತ್ತು. ಅಪ್ಪ ಅಮ್ಮಂದಿರ ಮುಂದೆ ಮಕ್ಕಳು ಒಂದೇ ಉಸಿರಿಗೆ ಆಜ್ಞೆ ಕೊಟ್ಟರು. ಚೆಂಡು ಸೀದಾ ಬಕೆಟ್ಟಿಗೆ ಬಿತ್ತು. ಚಪ್ಪಾಳೆಯೋ ಚಪ್ಪಾಳೆ. ಆದರೆ ಯಾರೂ ಜಗಳವಾಡಿರಲಿಲ್ಲ. ಯಾರೂ ಚೌಕಗಳತ್ತ ನೋಡಿಯೂ ಇರಲಿಲ್ಲ. ಟೀಚರ್ ಬಕೆಟ್ಟನ್ನು ಪಕ್ಕದ ಚೌಕಕ್ಕೆ ಸರಿಸಿ, ಮೊದಲಿನ ಜಾಗದಲ್ಲಿ ನಿಂತರು. “ಈಗ ಹೇಳಿ.”

ಮಕ್ಕಳು ಅದನ್ನೇ ಒಪ್ಪಿಸಿದರು. ಟೀಚರ್ ಹೇಳಿದಂತೆಯೇ ನಡೆದರು. ಚೆಂಡು ಬರಿನೆಲಕ್ಕೆ ಬಿದ್ದು ಉರುಳಿತು. ಯಾರೂ ನಗಲಿಲ್ಲ. ಹಲ್ಲು ಬಿದ್ದ ಹುಡುಗಿಯೊಬ್ಬಳು ಅಳುವ ದನಿಯಲ್ಲಿ ಪಿಸುಗುಟ್ಟಿದಳು: “ಬಕೆಟ್ ಅಲ್ಲೇ ಇರತ್ತೆ ಅಂತ ದೊಡ್ಡ ಮೇಡಂ ಬಾಯಿಪಾಠ ಮಾಡ್ಸಿದ್ರು. ನಿಮಗೆ ಹೇಳ್ಬಾರ್ದು ಅಂದಿದ್ರು.”

“ನಮ್ಮ ಮಗಳು ಎಷ್ಟು ಚೆನ್ನಾಗಿ ಹೇಳಿದ್ಲು,” ಹೊರಡುವಾಗ ಒಬ್ಬ ತಂದೆ ನಕ್ಕ. “ಟೀಚರ್ರೇ ಕೆಡಿಸಿಬಿಟ್ರು!”

ಕೋಣೆ ಖಾಲಿಯಾದ ಮೇಲೆ ಚಿಕ್ಕಮ್ಮ ಒಳಗೆ ಬಂದರು. ಮುಖದಲ್ಲಿ ಗೆಲುವಿತ್ತು.

“ಎಲ್ರೂ ಒಪ್ಪಿದ್ರು ಕಣೇ. ಬರೋ ವರ್ಷ ಎಲ್ಲಾ ಕ್ಲಾಸಿಗೂ ನೀನೇ. ಬಕೆಟ್ ಮಾತ್ರ ಸರಿಸ್ಬೇಡ, ಅಷ್ಟೆ.”

“ಮಕ್ಕಳಿಗೆ ಬಾಯಿಪಾಠ ಮಾಡ್ಸಿದೆಯಲ್ಲ ಚಿಕ್ಕಮ್ಮ. ಅದೂ ನನಗೆ ಮುಚ್ಚಿಟ್ಟು.”

“ಮಾಡ್ಸಿದ್ರೆ ನಿನ್ನ ಗಂಟೇನು ಹೋಯ್ತು? ನಿನಗೋಸ್ಕರ ತಾನೇ ಮಾಡಿದ್ದು!”

“ನನ್ನ ಲೇಸ್ ಯಾವತ್ತಾದ್ರೂ ನೀನು ಕಟ್ಟಿದ್ಯಾ?”

“ಆಗ ಅವಸರ ಇರ್ಲಿಲ್ಲ. ಈಗ ಅಷ್ಟು ಜನ ಬಂದು ಕೂತಿದ್ರೆ ನಾನೇನು ಮಾಡ್ಲಿ? ಸಂಜೆ ಮನೆಗೆ ಬಾ, ಬಿಸಿಬಿಸಿ ಏನಾದ್ರೂ ಮಾಡ್ತೀನಿ, ಕೂತ್ಕೊಂಡು...”

ಟೀಚರ್ ಚೆಂಡನ್ನು ಹೆಕ್ಕಿ ಬಕೆಟ್ಟಿಗೆ ಹಾಕಿದರು. ಬಕೆಟ್ಟನ್ನು ಎತ್ತಿಕೊಂಡರು.

“ಎಲ್ಲಿಗೆ? ನನ್ನ ಮಾತಿನ್ನೂ ಮುಗಿದಿಲ್ಲ ಕಣೇ, ಕೇಳಿಸ್ತಾ ಇದ್ಯಾ...”

ಚೌಕಗಳನ್ನೆಲ್ಲ ಅಡ್ಡ ಹಾಯ್ದು, ಮೂಲೆಯಿಂದ ಮೂಲೆಗೆ, ಅವರು ಬಾಗಿಲು ದಾಟಿ ನಡೆದುಬಿಟ್ಟರು.