ಟಪಾಲಕ್ಕ ತಿದ್ದಿದ ಮಾತು

ರಾಜರು ರಾಜರು ಹಲ್ಲು ಕಡಿದದ್ದಕ್ಕೆ ಕಲ್ಲಿನ ಶಾಸನಗಳಿವೆ. ಇದನ್ನು ಮೊದಲು ಕಂಡುಹಿಡಿದದ್ದು ನಾನು, ಅಲ್ಲ ನಾನು ಎಂದು ದೊಡ್ಡ ದೊಡ್ಡ ವಿಜ್ಞಾನಿಗಳು ಜುಟ್ಟು ಹಿಡಿದಾಡಿದ್ದಕ್ಕೆ ದಪ್ಪ ದಪ್ಪ ಪುಸ್ತಕಗಳಿವೆ. ಇಬ್ಬರು ನಟರು ಮಾತು ಬಿಟ್ಟರಂತೂ ಕೇಳುವುದೇ ಬೇಡ, ಅವರ ಅಭಿಮಾನಿಗಳು ಬೀದಿಯಲ್ಲಿ ತಲೆ ಒಡೆದುಕೊಳ್ಳುತ್ತಾರೆ. ಆದರೆ ಮಾತು ಬಿಟ್ಟ ಇಬ್ಬರ ನಡುವೆ ಒಬ್ಬರು ನಿಂತಿರುತ್ತಾರಲ್ಲ, ಇವನದನ್ನು ಅವನಿಗೆ, ಅವನದನ್ನು ಇವನಿಗೆ ಮುಟ್ಟಿಸುತ್ತ ಸವೆಯುವವರು, ಅವರ ಸುದ್ದಿಯನ್ನು ಯಾವ ಮಹಾನುಭಾವನೂ ಬರೆದಿಲ್ಲ. ಬಟ್ಟೆ ಒಗೆಯುವ ಒಂದು ಕಾರ್ಖಾನೆಯಲ್ಲಿ ಅಂಥವಳೊಬ್ಬಳಿದ್ದಳು. ಎಲ್ಲರೂ ಅವಳನ್ನು ಟಪಾಲಕ್ಕ ಎನ್ನುತ್ತಿದ್ದರು.

ಆ ಕಾರ್ಖಾನೆಗೆ ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಗಂಟುಗಟ್ಟಲೆ ಬರುತ್ತಿತ್ತು. ಒಗೆಯುವ ಡ್ರಮ್ಮುಗಳು ಮುಂದಿನ ಕೋಣೆಯಲ್ಲಿ, ಇಸ್ತ್ರಿ ಮಾಡುವ ಉದ್ದನೆಯ ರೋಲರುಗಳು ನಡುವಿನ ಕೋಣೆಯಲ್ಲಿ, ಅದರ ಹಿಂದೆ ತಗಡಿನ ಬಾಗಿಲಾಚೆ ಬಾಯ್ಲರು. ಎಲ್ಲ ಯಂತ್ರಗಳಿಗೂ ಹಬೆ ಹೋಗುತ್ತಿದ್ದದ್ದು ಅಲ್ಲಿಂದಲೇ. ಟಪಾಲಕ್ಕನ ರೋಲರು ಆ ತಗಡಿನ ಬಾಗಿಲಿಗೆ ಅಂಟಿಕೊಂಡಂತೆ ಇತ್ತು. ಒದ್ದೆ ಚಾದರದ ಅಂಚನ್ನು ರೋಲರಿನ ಬಾಯಿಗೆ ಕೊಟ್ಟು, ಗರಿಗರಿಯಾಗಿ ಹೊರಬಂದದ್ದನ್ನು ಮಡಿಸುತ್ತ, ಅವಳು ದಿನವಿಡೀ ಬೆನ್ನ ಹಿಂದಿನ ಆ ದೈತ್ಯನ ಉಸಿರು ಕೇಳುತ್ತಿದ್ದಳು. ಪಕ್ಕದ ಬೀದಿಯ ಬಣ್ಣದ ಕಾರ್ಖಾನೆಯಲ್ಲಿ ಹಿಂದೊಮ್ಮೆ ಬಾಯ್ಲರು ಸಿಡಿದು ಅದರ ಕಬ್ಬಿಣದ ಬಾಗಿಲು ಎರಡು ಮನೆ ದಾಟಿ ಬಿದ್ದಿತ್ತು. ಅದನ್ನು ಕಣ್ಣಾರೆ ಕಂಡವಳು ಅವಳು. ಆಮೇಲೆ ಆ ಉಸಿರು ಒಂದಿಷ್ಟು ಏರುಪೇರಾದರೂ ಅವಳ ಕೈ ತಂತಾನೇ ನಿಲ್ಲುತ್ತಿತ್ತು.

ಆ ಬಾಯ್ಲರಿಗೆ ಇಬ್ಬರು ಯಜಮಾನರು. ಬೆಳಗಿನ ಪಾಳಿಗೆ ಅವಳ ಅಣ್ಣ, ಮಧ್ಯಾಹ್ನದ ಪಾಳಿಗೆ ಅವಳ ಗಂಡ. ಕೆಲಸದವರ ಬಾಯಲ್ಲಿ ಅವರು ಹಿರೇ ಬಾಯ್ಲರು, ಕಿರೇ ಬಾಯ್ಲರು. ಅಪ್ಪ ಅಮ್ಮ ಹೋದ ಮೇಲೆ ಅವಳನ್ನು ಸಾಕಿ ಸಲಹಿದವನು ಅಣ್ಣ. ತನ್ನ ಕೈಕೆಳಗೆ ಸೌದೆ ಹಾಕಲು ಬಂದಿದ್ದ ಹುಡುಗನಿಗೆ ಬೆಂಕಿಯ ವಿದ್ಯೆ ಕಲಿಸಿ, ಕೊನೆಗೆ ತಂಗಿಯನ್ನೂ ಕೊಟ್ಟವನು ಅವನೇ. ಮೂವರೂ ಒಂದೇ ಮೇಜಿನ ಸುತ್ತ ಕೂತು ಉಣ್ಣುತ್ತಿದ್ದ ಕಾಲವೊಂದಿತ್ತು.

ಜಗಳ ಹುಟ್ಟಿದ್ದು ಎಂಥದಕ್ಕೆ ಅಂತೀರಿ, ಚರಂಡಿ ನೀರಿಗೆ. ರೋಲರುಗಳಲ್ಲಿ ಓಡಾಡಿ ತಣಿದ ಹಬೆ ಬಿಸಿನೀರಾಗಿ ಮೋರಿಗೆ ಹರಿದು ಹೋಗುತ್ತಿತ್ತು. ಅದನ್ನೇ ಒಂದು ಪೈಪಿನಲ್ಲಿ ಬಾಯ್ಲರಿಗೆ ತಿರುಗಿಸಿದರೆ ಸೌದೆ ಎಷ್ಟೋ ಉಳಿಯುತ್ತದೆ ಎಂಬುದು ಯಾರಿಗೋ ಹೊಳೆಯಿತು. ಪೈಪು ಹಾಕಿದವನು ಗಂಡ. ಮಾಲೀಕ ಬಂದು ನೋಡಿ, ಬೆನ್ನು ತಟ್ಟಿ, ಎಲ್ಲರೆದುರು ಅವನ ಕೈಗೆ ಒಂದು ಗಡಿಯಾರ ಕಟ್ಟಿದ. ಅಣ್ಣನ ಮುಖ ಕಪ್ಪಿಟ್ಟಿತು. "ಊಟಕ್ಕೆ ಕೂತಾಗ ನಾನು ಆಡಿದ ಮಾತದು. ನನ್ನ ಬಾಯಿಂದ ಬಿದ್ದದ್ದನ್ನ ಹೆಕ್ಕಿಕೊಂಡು ಹೋಗಿ ಕೈಗೆ ಕಟ್ಟಿಸ್ಕೊಂಡಿದಾನೆ" ಎಂದ. "ಅವರು ಹಂಗಂದದ್ದೇ ಇಲ್ಲ. ನನ್ನ ತಲೆ ನನ್ನ ಹತ್ರಾನೇ ಇದೆ" ಎಂದ ಗಂಡ. ಊಟದ ಮೇಜಿನಲ್ಲಿದ್ದ ಮೂರನೆಯವಳು ಟಪಾಲಕ್ಕ. ಇಬ್ಬರೂ ಅವಳ ಕಡೆ ತಿರುಗಿದರು. ಅವಳಿಗೆ ನಿಜಕ್ಕೂ ನೆನಪಿರಲಿಲ್ಲ. ನೆನಪಿದ್ದರೂ ಹೇಳುತ್ತಿದ್ದಳೋ ಇಲ್ಲವೋ, ಒಬ್ಬ ಸಾಕಿದವನು, ಒಬ್ಬ ಕಟ್ಟಿಕೊಂಡವನು. ಅವತ್ತಿನಿಂದ ಅವರಿಬ್ಬರ ನಡುವೆ ಮಾತಿಲ್ಲ, ಕತೆಯಿಲ್ಲ.

ಆದರೆ ಬಾಯ್ಲರು ಇವರ ಮುನಿಸಿಗೆ ಕಾಯುತ್ತದೆಯೇ? ಪಾಳಿ ಬದಲಾಗುವಾಗ ನೀರೆಷ್ಟಿದೆ, ಬೆಂಕಿ ಎಷ್ಟಿದೆ, ಎಲ್ಲಿ ಸೋರುತ್ತಿದೆ ಎಂದು ಹೋಗುವವನು ಬರುವವನಿಗೆ ಹೇಳಲೇಬೇಕು. ಗಂಡ ಮುಂಬಾಗಿಲಲ್ಲಿ ಕಾಣಿಸಿದ ಕೂಡಲೇ ಅಣ್ಣ ತಗಡಿನ ಬಾಗಿಲು ತೆರೆದು, ತಂಗಿಯ ಕಿವಿಗೆ ವರದಿ ಒಪ್ಪಿಸಿ ಹಿತ್ತಿಲಿಂದ ಹೊರಟುಬಿಡುತ್ತಿದ್ದ. ಇದು ಮ್ಯಾನೇಜರಿಗೂ ಗೊತ್ತಿತ್ತು. ಗೊತ್ತಿದ್ದೇ ನಗುತ್ತಿದ್ದ. ಒಬ್ಬರಿಗಿಂತ ಒಬ್ಬರು ಹೆಚ್ಚು ಎಂದು ತೋರಿಸಲು ಇಬ್ಬರೂ ಮೈಮುರಿದು ದುಡಿಯುವಾಗ ಅವನಿಗೇನಂತೆ.

ಅಣ್ಣನ ಬಾಯಿ ಮಾತ್ರ ಸುಮ್ಮನೆ ಬಾಯಲ್ಲ. "ಆ ಕತ್ತೆಗೆ ಹೇಳು, ನೀರು ಅರ್ಧಕ್ಕಿದೆ. ನೋಡ್ದೆ ಬೆಂಕಿ ಏರಿಸಿದ್ರೆ ಸಾಯ್ತಾನೆ, ಸಾಯ್ಲಿ" ಎಂದು ಹೇಳಿ ಹೋಗುವನು. ಟಪಾಲಕ್ಕ ಗಂಡನಿಗೆ, "ಅಣ್ಣ ಹೇಳ್ದ, ನೀರು ಅರ್ಧಕ್ಕಿದೆಯಂತೆ. ಒಂಚೂರು ನೋಡ್ಕೋಬೇಕಂತೆ" ಎನ್ನುವಳು. ಸಾಯಂಕಾಲ ಅಣ್ಣನಿಗೆ ಊಟ ಕೊಡಲು ಹೋದಾಗ, ಗಂಡ ಅಂದಿದ್ದ "ಮುದುಕನಿಗೆ ಕಣ್ಣು ಕಾಣಲ್ವಾ, ಬೂದಿ ಹಂಗೇ ಬಿಟ್ಟು ಹೋಗಿದಾನೆ" ಎಂಬುದು "ಬೂದಿ ನಾನೇ ತೆಗೀತೀನಿ, ಅವರಿಗ್ಯಾಕೆ ತೊಂದರೆ ಅಂದ್ರು" ಎಂದಾಗುತ್ತಿತ್ತು. ಮೊದಮೊದಲು ಬೈಗುಳ ಮಾತ್ರ ಸೋಸುತ್ತಿದ್ದಳು. ಬರುಬರುತ್ತ ಕೈ ಪಳಗಿತು, ಬೆಣ್ಣೆಯನ್ನೂ ಸವರಿದಳು. "ನಿಮ್ಮ ಕೆಮ್ಮು ಹೇಗಿದೆ ಅಂತ ಅಣ್ಣ ಕೇಳ್ದ" ಎಂದು ಒಂದು ದಿನ ಇಲ್ಲದ್ದನ್ನು ಸೇರಿಸಿದಳು. ಅವತ್ತು ಗಂಡ ಮುದುಕ ಎನ್ನುವುದನ್ನು ಬಿಟ್ಟು ಭಾವ ಎಂದ. ಅವಳಿಗೆ ಅಷ್ಟೇ ಸಾಕಾಗಿತ್ತು. ಇಬ್ಬರಲ್ಲೊಬ್ಬರು ಕಣ್ಣು ಮುಚ್ಚುವ ಮೊದಲು ಮತ್ತೆ ಒಂದು ಮೇಜಿಗೆ ಅವರನ್ನು ತಂದು ಕೂರಿಸಬೇಕು, ಇದೊಂದೇ ಅವಳ ಹಟ. ಗಂಡ ಒಳಗೊಳಗೇ ಕರಗಿ ಎಷ್ಟೋ ಕಾಲವಾಗಿತ್ತು. ತಾನಾಗಿ ಹೋಗಿ ಮಾತಾಡಿಸಲು ಗಂಡಸುತನ ಅಡ್ಡ ಬರುತ್ತಿತ್ತು, ಅಷ್ಟೇ.

ಹೀಗೆ ನಡೆಯುತ್ತಿರಲು ಒಂದು ಬೇಸಿಗೆಯಲ್ಲಿ ನೀರು ಗಡುಸಾಯಿತು. ಬಾಯ್ಲರಿನ ಒಳಗೆಲ್ಲ ಸುಣ್ಣ ಕಟ್ಟತೊಡಗಿತು. ಅದರ ತಲೆಯ ಮೇಲೆ ಸೇಫ್ಟಿ ವಾಲ್ವು ಅಂತ ಒಂದಿರುತ್ತದೆ. ಮಾಪಕದ ಮುಳ್ಳು ತೋರಿಸುವ ಹಬೆಯ ಒತ್ತಡ ಮಿತಿ ಮೀರಿದರೆ ಅದು ತಾನಾಗಿ ತೆರೆದು ಹೆಚ್ಚಿನದನ್ನು ಆಚೆ ಬಿಡಬೇಕು. ಅದು ತೆರೆಯದಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಆ ದಿನ ಬೆಳಿಗ್ಗೆ ಅಣ್ಣ ಅದರ ಹಿಡಿಕೆ ಎತ್ತಿ ನೋಡಿದ. ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ಬೆಂಕಿ ಇಳಿಸಿ ಮ್ಯಾನೇಜರ ಹತ್ತಿರ ಓಡಿದ. "ರಿಪೇರಿಯವನು ನಾಳೆ ಬರ್ತಾನೆ. ಇವತ್ತು ಆಸ್ಪತ್ರೆ ಬಟ್ಟೆ ಕೊಡ್ಲೇಬೇಕು, ಹೆಂಗಾದ್ರೂ ಸುಧಾರಿಸ್ಕೊಳ್ಳಿ" ಎಂದ ಆ ಪುಣ್ಯಾತ್ಮ.

ಪಾಳಿ ಬದಲಾಗುವ ಹೊತ್ತಿಗೆ ಅಣ್ಣ ತಗಡಿನ ಬಾಗಿಲು ತೆರೆದ. ಮುಖ ಬೆವರಿನಲ್ಲಿ ತೊಯ್ದಿತ್ತು. "ಆ ಕತ್ತೆಗೆ ಹೇಳು. ವಾಲ್ವ್ ಅಂಟಿಕೊಂಡಿದೆ. ಮುಳ್ಳು ಆರು ದಾಟಿಸಿದ್ರೆ ಸಾಯ್ತಾನೆ. ಹೇಳು ಅವನಿಗೆ" ಎಂದ.

ಎಷ್ಟು ವರ್ಷಗಳಿಂದ ಎಷ್ಟು ಸಲ ಕೇಳಿದ್ದಳೋ ಆ ಸಾಯ್ತಾನೆ ಎಂಬುದನ್ನು. ಬೂದಿಗೆ ಸಾಯ್ತಾನೆ, ಸೌದೆಗೆ ಸಾಯ್ತಾನೆ, ಬಾಗಿಲ ಚಿಲಕಕ್ಕೂ ಸಾಯ್ತಾನೆ. ಬಟ್ಟೆಯ ಸುಕ್ಕು ತೆಗೆಯುವ ಹಾಗೆ ಅವಳ ಮನಸ್ಸು ಅದನ್ನು ತಂತಾನೇ ತೀಡಿಬಿಟ್ಟಿತು. ಗಂಡ ಬಂದಾಗ ಚಾದರ ಮಡಿಸುತ್ತಲೇ ಹೇಳಿದಳು, "ವಾಲ್ವ್ ಸ್ವಲ್ಪ ಬಿಗಿ ಇದೆಯಂತೆ. ಆರರ ಆಸುಪಾಸಲ್ಲಿ ಇಟ್ಕೊಂಡ್ರೆ ಒಳ್ಳೇದು ಅಂದ ಅಣ್ಣ."

"ಆಯ್ತು, ಭಾವ ಹೇಳಿದ ಹಂಗೇ" ಎಂದು ಅವನು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಮ್ಯಾನೇಜರು ಬಂದ. ಚಾದರಗಳು ಹಸಿಹಸಿಯಾಗಿ ಹೊರಬರುತ್ತಿದ್ದವು. ಬಾಗಿಲಲ್ಲೇ ನಿಂತು, "ಏನಪ್ಪಾ, ಹಬೆ ಕೊಡ್ತೀಯೋ, ಬಟ್ಟೆನ ಬಿಸಿಲಿಗೆ ಹಾಕ್ಲೋ?" ಎಂದು ಗುಡುಗಿದ. "ವಾಲ್ವ್ ಸ್ವಲ್ಪ ಬಿಗಿಯಂತೆ ಸಾರ್" ಎಂಬ ಗಂಡನ ಮಾತೂ, "ಸ್ವಲ್ಪ ತಾನೇ" ಎಂಬ ಮ್ಯಾನೇಜರನ ಮಾತೂ ಟಪಾಲಕ್ಕನಿಗೆ ಕೇಳಿಸಿದವು. ಆಮೇಲೆ ಸೌದೆ ಬೀಳುವ ಸದ್ದು, ಮತ್ತೆ ಸೌದೆ ಬೀಳುವ ಸದ್ದು.

ರೋಲರು ಬಿಸಿಯಾಯಿತು. ಚಾದರಗಳು ಚೆನ್ನಾಗಿ ಒಣಗತೊಡಗಿದವು, ಆಮೇಲೆ ಅತಿಯಾಗಿ ಒಣಗತೊಡಗಿದವು. ಅಂಚು ಹಿಡಿದರೆ ಬೆರಳು ಚುರುಕ್ಕೆನ್ನುತ್ತಿತ್ತು. ಅವಳು ಕಿಟಕಿಯತ್ತ ತಿರುಗಿದಳು. ಹೊರಗೆ ಗೇಟಿನ ಹತ್ತಿರ ಅಣ್ಣ ನಿಂತಿದ್ದ. ಪಾಳಿ ಮುಗಿದರೆ ಆ ಕಡೆ ತಲೆಹಾಕಿಯೂ ಮಲಗದವನು, ಮನೆಗೆ ಹೋಗದೆ ಚಿಮಣಿಯನ್ನೇ ನೋಡುತ್ತ ನಿಂತಿದ್ದಾನೆ. ಹೊಗೆ ದಪ್ಪವಾಗಿ ಏಳುತ್ತಿತ್ತು. ಅದನ್ನು ನೋಡುತ್ತಿದ್ದ ಅವನ ಮುಖದಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ, ಬರೀ ಹೆದರಿಕೆಯಿತ್ತು. ಟಪಾಲಕ್ಕನಿಗೆ ಆಗ ಅರ್ಥವಾಯಿತು. ಇವತ್ತಿನ ಸಾಯ್ತಾನೆ ಬೈಗುಳವಾಗಿರಲಿಲ್ಲ.

ಕೈಯಲ್ಲಿದ್ದ ಚಾದರ ಎಸೆದು ತಗಡಿನ ಬಾಗಿಲು ತಳ್ಳಿದಳು. ಮುಳ್ಳು ಏಳನ್ನು ದಾಟಿ ನಡುಗುತ್ತಿತ್ತು.

"ಆಚೆ ಬನ್ರೀ. ವಾಲ್ವ್ ಪೂರ್ತಿ ಅಂಟಿಕೊಂಡಿದೆಯಂತೆ. ಆರು ದಾಟಿದ್ರೆ ಸಾಯ್ತಾನೆ ಅಂದಿದಾನೆ ಅಣ್ಣ."

ಗಂಡ ನಕ್ಕ. "ಭಾವ ಹಂಗೆಲ್ಲ ಮಾತಾಡೋರಲ್ಲ. ಇಷ್ಟು ವರ್ಷದಲ್ಲಿ ಒಂದು ಕೆಟ್ಟ ಮಾತು ಆಡಿಲ್ಲ. ನಿಂಗೇ ಹೆದರಿಕೆ."

"ಆಡಿದಾನೆ ರೀ. ದಿನಾ ಆಡಿದಾನೆ. ಕತ್ತೆ ಅಂತಾನೆ, ಸಾಯ್ಲಿ ಅಂತಾನೆ. ನಾನೇ ತಿದ್ದಿ ಹೇಳ್ತಿದ್ದೆ."

"ಕೆಮ್ಮು ಕೇಳಿದ್ದು?"

"ನಾನೇ ಸೇರಿಸಿದ್ದು."

ಅವನ ಕೈಯಲ್ಲಿದ್ದ ಸೌದೆ ಕೆಳಗೆ ಬಿತ್ತು. ಓಡಬೇಕಾದ ಮನುಷ್ಯ ನಿಂತಲ್ಲೇ ನಿಂತ. ಅವಳು ತೋಳು ಹಿಡಿದು ಜಗ್ಗಿದಳು, ಅವನು ಕದಲಲಿಲ್ಲ. ಮಾತು ಬಿಟ್ಟವನು ಬಯ್ಯುವುದು ಏನು ಮಹಾ, ಯಾರಾದರೂ ತಡೆದುಕೊಂಡಾರು. ಇಷ್ಟು ವರ್ಷ ಮರೆಯಲ್ಲಿ ತನ್ನನ್ನು ವಿಚಾರಿಸಿಕೊಳ್ಳುತ್ತಿದ್ದ ಒಬ್ಬ ಭಾವನಿದ್ದ, ಅವನು ಇರಲೇ ಇಲ್ಲ ಎಂದರೆ ಹೇಗೆ? ಅದೇ ಹೊತ್ತಿಗೆ ಮೇಲಿನ ಪೈಪಿನ ಜೋಡಣೆ ಬಾಯಿಬಿಟ್ಟು ಹಬೆ ಕಿರುಚತೊಡಗಿತು. ಆ ಸದ್ದಿಗೆ ಕೂಗಿದರೂ ಒಬ್ಬರದು ಒಬ್ಬರಿಗೆ ಕೇಳುವಂತಿರಲಿಲ್ಲ.

ಹಿತ್ತಿಲ ಬಾಗಿಲಿಂದ ಅಣ್ಣ ನುಗ್ಗಿ ಬಂದ. ಟಪಾಲಕ್ಕ ಅವನ ಭುಜಕ್ಕೆ ಜೋತುಬಿದ್ದಳು. ಅವನು ಅವಳನ್ನೂ ಎಳೆದುಕೊಂಡೇ ಮುಂದೆ ಹೋಗಿ, ಭಾವಮೈದುನನ ಅಂಗಿ ಹಿಡಿದು, ಮುಖಕ್ಕೆ ಮುಖವಿಟ್ಟು ಏನೋ ಅಂದ. ಅವನ ಬಾಯಿ ಅವಳ ಕಿವಿಯ ಪಕ್ಕದಲ್ಲೇ ಇತ್ತು, ಅವಳಿಗೆ ಕೇಳಿಸಿತು. ಆಮೇಲೆ ಇಬ್ಬರನ್ನೂ ಒಟ್ಟಿಗೆ ಬಾಗಿಲಾಚೆ ದೂಡಿ, ತಗಡನ್ನು ಎಳೆದುಕೊಂಡು, ಒಲೆಯ ಬೆಂಕಿಯನ್ನು ಉದ್ದನೆಯ ಕೊಕ್ಕೆಯಿಂದ ಹೊರಕ್ಕೆ ಎಳೆಯತೊಡಗಿದ. ಕೆಂಡಗಳು ನೆಲಕ್ಕೆ ಬೀಳುವುದು ತಗಡಿನ ಸಂದಿನಲ್ಲಿ ಕಾಣುತ್ತಿತ್ತು. ಬಾಯ್ಲರು ಸಿಡಿಯಲಿಲ್ಲ. ಬೆಂಕಿ ಇಲ್ಲದೆ ಮುಳ್ಳು ಇಳಿಯಿತು, ಕಟ್ಟಡ ಉಳಿಯಿತು, ಮಧ್ಯಾಹ್ನದ ಪಾಳಿಯ ಅಷ್ಟೂ ಜನ ಉಳಿದರು. ಆದರೆ ಅಷ್ಟರಲ್ಲಿ ಆ ಪೈಪು ಪೂರ್ತಿ ಕಿತ್ತುಕೊಂಡು ಬಂದಿತ್ತು. ಒಳಗೆ ತುಂಬಿದ ಹಬೆ ತಿಳಿಯಾಗಿ ಬಾಗಿಲು ತೆರೆಯುವ ಹೊತ್ತಿಗೆ ಅಣ್ಣ ಕೊಕ್ಕೆಯ ಮೇಲೆಯೇ ಬಿದ್ದಿದ್ದ. ಬೆಂದ ಮೈಯನ್ನು ಆಸ್ಪತ್ರೆಗೆ ಸಾಗಿಸಿದರು. ತಾವು ಒಗೆದು ಕಳಿಸುತ್ತಿದ್ದ ಅಲ್ಲಿನ ಚಾದರದ ಮೇಲೆಯೇ ಅವನ ಜೀವ ಹೋಯಿತು.

ಗಂಡ ಎಷ್ಟೋ ದಿನ ಕೆಲಸಕ್ಕೆ ಹೋಗಲಿಲ್ಲ. ಅವಳು ಬಡಿಸಿದ್ದನ್ನು ತಿಂದ, ಹಾಸಿದ ಕಡೆ ಮಲಗಿದ. ತನ್ನ ಮೇಲೆ ಕೂಗಾಡಲಿ, ಕೈ ಎತ್ತಿದರೂ ಎತ್ತಲಿ ಎಂದು ಅವಳು ಕಾದಳು. ಅಣ್ಣನನ್ನು ಕೊಂದದ್ದು ತನ್ನ ನಾಲಿಗೆಯೇ ಎಂದು ಒಳಗೊಳಗೇ ಬೇಯುತ್ತಿದ್ದಳು. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಇವನೊಬ್ಬನಲ್ಲದೆ ಅವಳಿಗೆ ಇನ್ಯಾರೂ ಇರಲಿಲ್ಲ. ಕೊನೆಗೊಂದು ಸಂಜೆ ಅವನೇ ಕೇಳಿದ.

"ನಿಮ್ಮಣ್ಣ ನನ್ನ ಅಂಗಿ ಹಿಡ್ಕೊಂಡು ಏನೋ ಅಂದ್ರು. ಬಾಯಿ ಅಲ್ಲಾಡಿದ್ದು ಕಂಡೆ, ಕೇಳಿಸ್ಲಿಲ್ಲ. ಏನಂದ್ರು?"

ಟಪಾಲಕ್ಕ ಒಂದಕ್ಷರವನ್ನೂ ಕೂಡಿಸದೆ, ಕಳೆಯದೆ ಹೇಳಿದಳು. "'ಆಚೆ ಹೋಗೋ ಕತ್ತೆ, ನೀನು ಸತ್ರೆ ನಾನು ಯಾರ ಜೊತೆ ಜಗಳ ಆಡ್ಲಿ' ಅಂದ."

ಅವನು ಬಹಳ ಹೊತ್ತು ಅವಳ ಮುಖ ನೋಡಿದ. ಅವನ ಕಣ್ಣು ತುಂಬಿ ಬಂತು. ನಂಬಲಿ, ಇದೊಂದನ್ನಾದರೂ ನಂಬಲಿ ಎಂದು ಅವಳು ಕಾದಳು.

"ಚೆನ್ನಾಗಿ ಕತೆ ಕಟ್ಟಿದೀಯ" ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಈಗಲೂ ಯಾವಾಗಲೋ ಒಮ್ಮೆ, ಊಟದ ನಡುವೆ ಕೈ ನಿಲ್ಲಿಸಿ, ಏನಂದ್ರು ಹೇಳು ಎನ್ನುತ್ತಾನೆ. ಅವಳು ಅದೇ ಮಾತನ್ನು ಮತ್ತೆ ಹೇಳುತ್ತಾಳೆ. ಅವನು ಸುಮ್ಮನೆ ತಲೆಯಾಡಿಸಿ, ಊಟ ಮುಗಿಸಿ, ಎದ್ದು ಕೈ ತೊಳೆಯಲು ಹೋಗುತ್ತಾನೆ.